ಗೇರಿನ ಹಿಡಿ ಕೈಕೊಟ್ಟಾಗ

ತಾನೇ ಗೇರು ಬದಲಿಸಿಕೊಳ್ಳುವ ಕಾರು ನಿಮ್ಮ ಮನೆಯಲ್ಲಿದೆಯೆನ್ನಿ. ಬೆಳಿಗ್ಗೆ ಹೊರಡುವ ಹೊತ್ತು. ಎಂಜಿನ್ನು ಚಾಲೂ ಆಯಿತು, ಆದರೆ ಗೇರಿನ ಹಿಡಿ ನಿಲುಗಡೆಯ 'ಪಿ' ಅಕ್ಷರದಿಂದ ಅಲುಗದು. ಬಲಪ್ರಯೋಗ ಮಾಡಬೇಡಿ. ಬ್ರೇಕು ಮೆಟ್ಟಿದ ಹೊರತು ಹಿಡಿ ಬಿಡದಂತೆ ಅಲ್ಲೊಂದು ಬೀಗವಿದೆ. ಕೈಬ್ರೇಕು ಎಳೆದು, ಬ್ರೇಕು ಮೆಟ್ಟಿ, ಹಿಂದಿನ ಕೆಂಪು ದೀಪ ಹೊತ್ತಿತೇ ಎಂದು ಮನೆಯವರು ಯಾರಾದರೂ ಪಕ್ಕದಲ್ಲಿ ನಿಂತು ನೋಡಲಿ. ಹೊತ್ತದಿದ್ದರೆ ಕಾಯಿಲೆ ಬಹುಮಟ್ಟಿಗೆ ಗೇರುಪೆಟ್ಟಿಗೆಯದಲ್ಲ. ಪೆಡಲಿನ ಬಳಿಯ ಸ್ವಿಚ್ಚಿನದೋ ಫ್ಯೂಸಿನದೋ ಇದ್ದೀತು. ಎಷ್ಟೋ ಕಾರುಗಳಲ್ಲಿ ಹಿಡಿಯ ಪಕ್ಕದ ಸಣ್ಣ ಮುಚ್ಚಳದಡಿ ಬೀಗ ಬಿಡಿಸುವ ಗುಂಡಿಯೂ ಇರುತ್ತದೆ. ಆದರೆ ಕೆಂಪು ದೀಪವಿಲ್ಲದೆ ರಸ್ತೆಗಿಳಿಯುವುದು ಸಲ್ಲದು. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಹಟ ಮಾಡುವ ಹಿಡಿಗಿಂತ ಸುಳ್ಳು ಹೇಳುವ ಹಿಡಿ ಹೆಚ್ಚು ಅಪಾಯ. ಬಹಳ ಕಾರುಗಳಲ್ಲಿ ಹಿಡಿಗೂ ಗೇರುಪೆಟ್ಟಿಗೆಗೂ ನಡುವೆ ತಂತಿಯೊಂದುಂಟು. ಅದರ ತುದಿಯ ಬುಷ್ಷು ಸವೆದು ತಂತಿ ಕಳಚಿಕೊಂಡರೆ, ಹಿಡಿ 'ಪಿ'ಯಲ್ಲಿದ್ದರೂ ಪೆಟ್ಟಿಗೆಯೊಳಗಿನ ತಡೆಹಲ್ಲು ಕಚ್ಚಿರುವುದಿಲ್ಲ. ನೀವು ಇಳಿದೊಡನೆ ಕಾರು ಉರುಳಬಹುದು. ಈ ಬುಷ್ಷಿನ ದೆಸೆಯಿಂದಲೇ 2022ರಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಸುಮಾರು 29 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು.

ಆದುದರಿಂದ ಈ ಕ್ರಮ ರೂಢಿಸಿಕೊಳ್ಳಿ. ಕಾರು ನಿಂತಮೇಲೆ ಬ್ರೇಕು ಮೆಟ್ಟಿಕೊಂಡೇ ಕೈಬ್ರೇಕು ಎಳೆಯಿರಿ. ಆಮೇಲೆ ಹಿಡಿಯನ್ನು 'ಪಿ'ಗೆ ತನ್ನಿ. ಕಾಲನ್ನು ಮೆಲ್ಲಗೆ ತೆಗೆದು, ಕಾರು ಮಿಸುಕದೆಂದು ಕಂಡು, ಎಂಜಿನ್ನು ನಿಲ್ಲಿಸಿ ಇಳಿಯಿರಿ. ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳನ್ನು ಕಾರಿನ ಹಿಂದುಮುಂದೆ ಆಡಗೊಡಬೇಡಿ. ಅಷ್ಟಾಗಿಯೂ ಕಾರು ಉರುಳಿದರೆ ಅದಕ್ಕೆ ಅಡ್ಡ ನಿಲ್ಲಬೇಡಿ. ಜಜ್ಜಿದ ತಗಡನ್ನು ಯಾರಾದರೂ ಸರಿಮಾಡಿಕೊಟ್ಟಾರು.