ಲೆಕ್ಕಕ್ಕೆ ಬೇಕಾದವರು, ನೀರಿಗೆ ಬೇಡವಾದವರು

(ಬೀದರಿನಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಬೇಳೆ ಗಿರಣಿಗಳಿಂದ ನೆಟ್ಟಗೆ ಇಲ್ಲಿಗೇ ಬಂದಿರುವ ಸಂಗಾತಿಗಳೇ, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿರುವ ವ್ಯಾಪಾರಿ ಬಂಧುಗಳೇ, ತಾಯಂದಿರೇ,

ವಿಧಾನಸಭೆಯ ಮುಂದಿನ ಚುನಾವಣೆ 2028ರಲ್ಲಿ ಬರಬೇಕು. ಅದರ ಮಾತು ಈಗಲೇ ಏಕೆಂದು ನೀವು ಕೇಳಬಹುದು. ಚುನಾವಣೆ ಹೊಸ್ತಿಲಿಗೆ ಬಂದಾಗ ಮಾತನಾಡುವವರು ಅಭ್ಯರ್ಥಿಗಳು, ಕೇಳಿಸಿಕೊಳ್ಳುವವರು ನಾವು. ಈಗಲಾದರೆ ನಾವು ಕೇಳಬಹುದು, ಅವರು ಉತ್ತರ ಹುಡುಕಲಿ.

ಈ ಜಿಲ್ಲೆಯ ಜನಕ್ಕೆ ಮತವೆಂಬುದು ಹೊಸದಲ್ಲ. 1952ರಲ್ಲಿ ನಮ್ಮ ಹಿರಿಯರು ಹೈದರಾಬಾದಿನ ವಿಧಾನಸಭೆಗೆ ಮತ ಹಾಕಿದರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಉದಗೀರ, ನಿಲಂಗಾ ಅತ್ತ ಹೋದವು, ಜಹೀರಾಬಾದ, ನಾರಾಯಣಖೇಡ ಇತ್ತ ಹೋದವು. ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದವು. 1957ರಲ್ಲಿ ಅದೇ ಜನ ಬೆಂಗಳೂರಿನ ವಿಧಾನಸಭೆಗೆ ಪ್ರತಿನಿಧಿಗಳನ್ನು ಕಳಿಸಿದರು. ರಾಜಧಾನಿ ದೂರವಾಯಿತು, ಅರ್ಜಿ ಹಿಡಿದು ನಿಲ್ಲುವ ಸಾಲು ಮಾತ್ರ ಕರಗಲಿಲ್ಲ.

ಇರಲಿ, ಇಂದಿನ ಮಾತಿಗೆ ಬರೋಣ. ನೌಬಾದಿನ ಕಡೆ ಹೋಗಿ ನೋಡಿ, ಚಿದ್ರಿ, ಮೈಲೂರು, ಗುಂಪಾ ಕಡೆ ನೋಡಿ. ತೊಗರಿ, ಜೋಳ ನಿಲ್ಲುತ್ತಿದ್ದ ಕೆಮ್ಮಣ್ಣಿನಲ್ಲಿ ಈಗ ಸುಣ್ಣದ ಗೆರೆ, ಕಲ್ಲಿನ ಗೂಟ, ಬಣ್ಣದ ಕಮಾನು. ಔರಾದಿನ ಹಳ್ಳಿಯಿಂದ ಕೂಲಿಗೆ ಬಂದವನು, ಭಾಲ್ಕಿಯಿಂದ ಮಕ್ಕಳ ಓದಿಗಾಗಿ ಬಂದವನು, ಹಳೆಯ ಊರೊಳಗೆ ಬಾಡಿಗೆ ತಾಳಲಾರದ ದರ್ಜಿ, ಎಲ್ಲರೂ ಇಲ್ಲಿ ಒಂದು ಪ್ಲಾಟು ಹಿಡಿದಿದ್ದಾರೆ. 2011ರ ಜನಗಣತಿಯಲ್ಲೇ ಬೀದರ ನಗರ 2 ಲಕ್ಷ ದಾಟಿತ್ತು. ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿ ಇದೆ. ನೆಲದೊಳಗೆ ಕಾಲುವೆ ಕೊರೆದು ನೀರು ಹರಿಸಿದ ಕೆಲಸ, ಐನೂರು ವರ್ಷಕ್ಕೂ ಹಳೆಯದು. ಅದರ ನೆತ್ತಿಯ ಸುತ್ತಲೇ ಹಬ್ಬಿರುವ ಹೊಸ ಊರಿಗೆ ನಾವು ಟ್ಯಾಂಕರಿನಲ್ಲಿ ನೀರು ತರುತ್ತಿದ್ದೇವೆ. ಅರಸನಿಗೆ ಮತ ಬೇಕಾಗಿರಲಿಲ್ಲ, ಆದರೂ ನೀರು ಕೊಟ್ಟ. ಮತ ಬೇಕಾದವರು ಏನು ಕೊಟ್ಟರು?

ಪ್ಲಾಟಿನ ಕಾಗದದ ಮಾತು ಕೇಳಿ. ಹೊಲವನ್ನು ಬಿನ್ ಶೇತ್ಕಿ ಮಾಡಿಸಬೇಕು, ನಕ್ಷೆಗೆ ಮಂಜೂರಾತಿ ಪಡೆಯಬೇಕು, ರಸ್ತೆ, ಮೋರಿ, ಬಯಲು ಬಿಡಬೇಕು; ಆಮೇಲೆ ಮಾರಬೇಕು. ಇದು ಕಾನೂನು. ಅನೇಕ ಕಡೆ ನಡೆದದ್ದು ಏನೆಂದರೆ, ಗುಂಟೆ ಲೆಕ್ಕದಲ್ಲಿ ಕಡಿದು ಮಾರಿದವನು ಹಣ ಎಣಿಸಿ ಹೋದ; ಕೊಂಡ ಹಮಾಲ ತಪ್ಪಿತಸ್ಥನಾದ. 2025ರ ಫೆಬ್ರುವರಿಯಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಸಾರಿತು. ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಬಿ-ಖಾತೆ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲು ದಾರಿ. ಬಡಾವಣೆ ಸಕ್ರಮವಾಯಿತೆಂದು ಅರ್ಥವಲ್ಲ. ಹಣ ಪಡೆಯುವಾಗ ನಮ್ಮನ್ನು ಗುರುತಿಸುವ ಸರ್ಕಾರ ನಳ ಹಾಕುವಾಗ ಏಕೆ ಗುರುತಿಸಬಾರದು? ಈ ಕಾಯ್ದೆಗಳನ್ನು ಮಾಡುವ ಜಾಗ ವಿಧಾನಸಭೆ. ಆದುದರಿಂದ ಇದು ಶಾಸಕರಾಗ ಬಯಸುವವರಿಗೆ ಕೇಳಬೇಕಾದ ಪ್ರಶ್ನೆ. ಮುನ್ಸಿಪಾಲ್ಟಿಯ ಗುಮಾಸ್ತನ ಮೇಲೆ ರೇಗಿ ಫಲವಿಲ್ಲ.

ಇನ್ನು ಮಹಾನಗರ ಪಾಲಿಕೆ. ಬೀದರ ನಗರಸಭೆಯನ್ನು ಪಾಲಿಕೆಯಾಗಿ ಮೇಲೇರಿಸಲು 2025ರಲ್ಲಿ ಸಚಿವ ಸಂಪುಟ ಒಪ್ಪಿತು, ಸುತ್ತಲಿನ ಹಳ್ಳಿಗಳನ್ನೂ ಕೂಡಿಸಿಕೊಂಡು. ಪಾಲಿಕೆಯಾಗಬೇಕಾದರೆ ಕಾನೂನಿನ ಪ್ರಕಾರ 3 ಲಕ್ಷ ಜನಸಂಖ್ಯೆ ಬೇಕು. ನಗರವೊಂದರಲ್ಲೇ ಲೆಕ್ಕದ ಪ್ರಕಾರ ಅಷ್ಟು ಇರಲಿಲ್ಲ. ಅಂದರೆ ಊರು ದೊಡ್ಡದಾಗಲು ಹೊರಗಿನ ಹಳ್ಳಿಯವನ ತಲೆ ಬೇಕಾಯಿತು. ತಲೆ ಎಣಿಸಿದವರು ಅವನ ಬಾಯಾರಿಕೆಯನ್ನೂ ಎಣಿಸಿದರೇ?

ನಾನು ಊಹೆಯ ಮಾತು ಆಡುತ್ತಿಲ್ಲ. 2007ರಲ್ಲಿ ಬೆಂಗಳೂರು 110 ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ನೀರನ್ನು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ! ರಾಜಧಾನಿಯ ಸೆರಗಿನಲ್ಲಿದ್ದವರ ಗತಿ ಇದಾದರೆ, ರಾಜ್ಯದ ನೆತ್ತಿಯ ಮೇಲಿರುವ ನಮ್ಮನ್ನು ಯಾರು ಕೇಳಬೇಕು?

ಹಳ್ಳಿ ನಗರಕ್ಕೆ ಸೇರಿದರೆ ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿ ಕೆಲಸ ಹೋಗುತ್ತದೆ, ಏಕೆಂದರೆ ಅದು ಹಳ್ಳಿಗೆ ಮಾತ್ರ. ಗ್ರಾಮಸಭೆಯಲ್ಲಿ ನಿಂತು ಲೆಕ್ಕ ಕೇಳುವ ಹಕ್ಕು ಹೋಗುತ್ತದೆ. ತೆರಿಗೆ, ಅಂಗಡಿಯ ಲೈಸೆನ್ಸು ಮಾತ್ರ ನಗರದ ರೀತಿಯಲ್ಲಿ ಬರುತ್ತವೆ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರ ಬೋರ್ಡಿನ ಹಿಂದೆ, ಅದರಲ್ಲಿ ಬರೆದದ್ದಕ್ಕಿಂತ ದೊಡ್ಡದು ಇತ್ತು. ನಮ್ಮ ಪಾಲಿಕೆಯ ಬೋರ್ಡಿನ ಹಿಂದೆ ಏನಿರಲಿದೆ ಎಂಬುದೇ ನನ್ನ ಚಿಂತೆ. ಪಾಲಿಕೆ ಬೇಡವೆಂದು ನಾನು ಹೇಳುವುದಿಲ್ಲ. ನೀರಿನ, ಮೋರಿಯ ಯೋಜನೆ ಮೊದಲು ತೋರಿಸಿ, ಆಮೇಲೆ ತೆರಿಗೆ ಏರಿಸಿ, ಇಷ್ಟೇ.

ಇದನ್ನು ಕೇಳಲು ನಮಗೆ ಹತ್ತಿರದ ಪ್ರತಿನಿಧಿ ಯಾರಿದ್ದಾರೆ? ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2025 ಕಳೆದರೂ ಚುನಾವಣೆ ಆಗಲಿಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರಲ್ಲೇ ತೀರಿತು. ಅಲ್ಲಿಯೂ 2025ರವರೆಗೆ ಅದೇ ಕಥೆ. ಯಾವ ಪಕ್ಷ ಆಳಿದರೂ ಇದೊಂದರಲ್ಲಿ ಎಲ್ಲರದೂ ಒಂದೇ ನಡೆ. ಕೆಳಗಿನ ಮೆಟ್ಟಿಲು ಕಿತ್ತರೆ ಶಾಸಕನೊಬ್ಬನೇ ಉಳಿಯುತ್ತಾನೆ. ಮೋರಿಗೂ ಅವನೇ, ಬೀದಿ ದೀಪಕ್ಕೂ ಅವನೇ, ಅವನ ಮನೆಯ ಮುಂದೆ ಬೆಳಿಗ್ಗೆ ನಿಲ್ಲುವವರು ನಾವು. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು 2023ರಿಂದ ಬಜೆಟ್ಟಿನಲ್ಲಿ ಸಾರಿದ್ದಾರೆ. 371(ಜೆ) ವಿಧಿ ಹೋರಾಡಿ ಪಡೆದ ಹಕ್ಕು. ಆ ಹಣದಲ್ಲಿ ಕಮಾನು ಕಟ್ಟಬೇಕೋ, ಕೊಳವೆ ಹಾಕಬೇಕೋ ಎಂದು ಹೇಳಲು ನಮಗೊಂದು ಸಭೆಯಾದರೂ ಬೇಡವೇ?

ಭಾಲ್ಕಿಯವರು, ನಮ್ಮೂರು ಇನ್ನೂ ಪುರಸಭೆ, ಈ ಗೊಡವೆ ನಮಗಿಲ್ಲ ಎಂದು ಕೂರಬೇಡಿ. ರೈಲು ನಿಲ್ದಾಣವಿರುವ ಊರು, ಅಲ್ಲಿಯೂ ಹೊಲ ಪ್ಲಾಟಾಗುತ್ತದೆ. ಔರಾದ ಪಟ್ಟಣ ಪಂಚಾಯಿತಿ. ಅಲ್ಲಿಗೆ ಇಂದಿಗೂ ರೈಲಿಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿ ಅದನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಔರಾದಿನಲ್ಲಿ ದುಡಿಮೆ ಸಿಕ್ಕಿದ್ದರೆ ಬೀದರಿನ ಹೊರವಲಯ ಇಷ್ಟು ಉಬ್ಬುತ್ತಿತ್ತೇ? 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಸಂತೋಷ. ಹೊಸ ಬಡಾವಣೆಯ ತಾಯಂದಿರು ಕೇಳುವುದು ಒಂದೇ: ಬಸ್ಸು ಬಂದರೆ ತಾನೇ ಪುಕ್ಕಟೆ?

ಮತಕ್ಷೇತ್ರಗಳ ಗಡಿಯಾದರೂ ಹಳೆಯದು. 2001ರ ಜನಗಣತಿಯ ಆಧಾರದ ಮೇಲೆ ಹಾಕಿದ ಗಡಿಯಲ್ಲೇ 2023ರ ಮೇ 10ರ ಮತದಾನವೂ ನಡೆಯಿತು. ಬೀದರ ತಾಲೂಕು ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಆ ಮೇಲೆ ಎದ್ದ ಬಡಾವಣೆಗಳು ಯಾರಿಗೂ ಪೂರ್ತಿ ನಮ್ಮವು ಅನ್ನಿಸಿಲ್ಲ. ಇದಕ್ಕೆ ನಮ್ಮದೂ ಒಂದು ಪಾಲಿದೆ: ಎಷ್ಟೋ ಮಂದಿ ಇಲ್ಲಿ ಮನೆ ಕಟ್ಟಿ ಹತ್ತು ವರ್ಷವಾದರೂ ಹೆಸರು ಹುಟ್ಟೂರಿನ ಪಟ್ಟಿಯಲ್ಲೇ ಇದೆ. ಮತದ ದಿನ ಜೀಪು ಬರುತ್ತದೆ, ಹತ್ತಿ ಹೋಗುತ್ತಾರೆ, ಸಂಜೆಗೆ ಮರಳುತ್ತಾರೆ. ನೀರಿಲ್ಲದ ಓಣಿಯಲ್ಲಿ ಮತವೂ ಇಲ್ಲದಿದ್ದರೆ ಅಭ್ಯರ್ಥಿ ಆ ಓಣಿಗೆ ಏಕೆ ಬಂದಾನು?

ವಿಳಾಸ ಬದಲಾಯಿಸಲು ನಮೂನೆ 8, ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಕಾಸು ಕೊಡಬೇಕಾಗಿಲ್ಲ. ಬಾಗಿಲ ಬಳಿಯ ಮೇಜಿನ ಮೇಲೆ ಎರಡೂ ಇವೆ. ಬರೆಯಲು ಬಾರದವರಿಗೆ ತುಂಬಿಕೊಡಲು ಹುಡುಗರು ಕುಳಿತಿದ್ದಾರೆ. ರಾತ್ರಿ ಪಾಳಿಗೆ ಹೋಗಬೇಕಾದ ಸಂಗಾತಿಗಳಿಗೆ ಮೊದಲು ದಾರಿ ಬಿಡಿ.