ನಾಯಗಾಂವದ ಜಲಸಹಕಾರ



ಒಂದೇ ಊರಿನಲ್ಲಿ ಒಬ್ಬನ ಕಬ್ಬು ಹಸುರಾಗಿರಲು ನೆರೆಯವನ ಜೋಳವು ಒಣಗಿಹೋಗುವ ನೋಟವು ಬಯಲುಸೀಮೆಯವರಾದ ತಮಗೆ ಹೊಸದಲ್ಲ. ಇದಕ್ಕೆ ಮಹಾರಾಷ್ಟ್ರದ ಒಂದು ಬಡ ಹಳ್ಳಿಯಲ್ಲಿ ನಡೆದ ಪರಿಹಾರವನ್ನು ತಾವು ಸಾವಧಾನಚಿತ್ತದಿಂದ ಆಲಿಸಬೇಕು.

ಪುಣೆ ಜಿಲ್ಲೆಯ ಪುರಂದರ ತಾಲೂಕು ಸಹ್ಯಾದ್ರಿಯ ಮರೆಯಲ್ಲಿದ್ದು ಮಳೆಗೆ ಎರವಾದ ಪ್ರದೇಶ. 1972ನೆಯ ಇಸವಿಯ ಭೀಕರ ಕ್ಷಾಮದಲ್ಲಿ ಅಲ್ಲಿಯ ರೈತರು ಹೊಲಗಳನ್ನು ಬಿಟ್ಟು, ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲೊಡೆದು ಹೊಟ್ಟೆ ಹೊರೆಯುತ್ತಿದ್ದರು. ಪುಣೆಯಲ್ಲಿ ಯಂತ್ರೋದ್ಯಮವನ್ನು ನಡೆಸುತ್ತಿದ್ದ ಶ್ರೀ ವಿಲಾಸರಾವ ಸಾಳುಂಖೆಯವರು ಇದನ್ನು ಕಂಡು, ಒಡೆದ ಕಲ್ಲಿನಿಂದ ಮುಂದಿನ ಕ್ಷಾಮವು ತಪ್ಪುವಂತಿಲ್ಲವೆಂದು ಮನಗಂಡರು. ನಾಯಗಾಂವದ ದೇವಸ್ಥಾನಕ್ಕೆ ಸೇರಿದ ಸುಮಾರು 40 ಎಕರೆ ಬಂಜರು ಇಳುಕಲನ್ನು 50 ವರುಷಗಳ ಗುತ್ತಿಗೆಗೆ ಪಡೆದು ಅಡ್ಡಲಾಗಿ ಒಡ್ಡುಗಳನ್ನು ಹಾಕಿಸಿದರು. ತಗ್ಗಿನಲ್ಲಿ ಕೆರೆಯನ್ನೂ ಅದರ ಕೆಳಗೆ ಬಾವಿಯನ್ನೂ ಮಾಡಿಸಿದರು. ಓಡುವ ನೀರು ನಿಂತಿತು, ನಿಂತುದು ನೆಲಕ್ಕಿಳಿದು ಬಾವಿಗೆ ಬಂದಿತು, ಕಲ್ಲುಭೂಮಿಯಲ್ಲಿ ಕಾಳು ಬೆಳೆಯಿತು. ದೇವರ ಭೂಮಿಯೇ ಈ ಕಾರ್ಯಕ್ಕೆ ಮೊದಲ ನೆಲೆಯಾದುದು ಮಠಮಾನ್ಯಗಳ ಆಡಳಿತದವರು ಗಮನಿಸತಕ್ಕ ಸಂಗತಿ.

ಆದರೆ ನೀರನ್ನು ದೊರಕಿಸುವುದಕ್ಕಿಂತ ಹಂಚುವುದು ಕಠಿಣ. 1974ರಿಂದ ರೂಪುಗೊಂಡ ‘ಪಾಣಿ ಪಂಚಾಯತ’ದ ಕಟ್ಟಳೆಯೇನೆಂದರೆ, ನೀರು ಹೊಲದ ವಿಸ್ತಾರಕ್ಕಲ್ಲ, ಮನೆಯ ಮಂದಿಗೆ. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು ನೀರು. ಮಂದಿ ಎಷ್ಟೇ ಇರಲಿ, ಕುಟುಂಬಕ್ಕೆ ಎರಡೂವರೆ ಎಕರೆಯೇ ಮೇರೆ. ಹೊಲವನ್ನು ಮಾರಿದರೆ ನೀರಿನ ಹಕ್ಕು ಕೊಂಡವನಿಗೆ ಸಲ್ಲದು. ಕಬ್ಬು ನಿಷಿದ್ಧ. ಖರ್ಚಿನ ಐದರಲ್ಲೊಂದು ಪಾಲನ್ನು ರೈತರೇ ತೆರತಕ್ಕದ್ದು. ಅರ್ಧವು ಸರಕಾರದ ಸಹಾಯಧನ, ಮಿಕ್ಕುದು ಸಾಳುಂಖೆಯವರ ಗ್ರಾಮಗೌರವ ಪ್ರತಿಷ್ಠಾನದ ಸಾಲ. ಸರದಿಯಂತೆ ನೀರು ಬಿಡುವುದಕ್ಕೆ ಸಂಘವೇ ನೇಮಿಸಿದ ‘ಪಾಟಕರಿ’.

ಇಪ್ಪತ್ತು ಎಕರೆಯ ಒಡೆಯನಿಗೆ ಇದು ನುಂಗಲಾರದ ತುತ್ತು. ಇಪ್ಪತ್ತಕ್ಕೂ ನೀರು ಬೇಕೆಂದರೆ ಸಂಘದ ಬಾಗಿಲು ಮುಚ್ಚಿದೆ; ಎರಡೂವರೆಗೆ ಒಪ್ಪಿದರೆ ಕಬ್ಬಿನ ಹಣದ ಆಸೆಯನ್ನು ಬಿಡಬೇಕು. ಮನುಷ್ಯನ ಮನಸ್ಸು ಒಂದೇ ಬಗೆಯಾಗಿರದು. ಮುಂದೆ ಅನೇಕ ಕಡೆಗಳಲ್ಲಿ ಹುಟ್ಟಿದ ಇಂಥ ಸಂಘಗಳೆಲ್ಲವೂ ಬಾಳಲಿಲ್ಲ. ಸಾಳುಂಖೆಯವರು 2002ರಲ್ಲಿ ಕಾಲವಾದರು.

ಗೇಣು ನೆಲವಿಲ್ಲದವನಿಗೆ ನೀರೇಕೆಂಬ ಪ್ರಶ್ನೆಯು ಸಹಜವೇ. ಅವನನ್ನೂ ಪಂಚಾಯತವು ಪಾಲುಗಾರನೆಂದೇ ಎಣಿಸಿತು. ಅವನು ತನ್ನ ನೀರಿನೊಡನೆ ನೆಲವುಳ್ಳವನ ಬಳಿಗೆ ಹೋಗಿ, ಆ ಹೊಲವನ್ನು ಕೋರಿಗೆ ಮಾಡಬಹುದು. ನಿನ್ನೆಯವರೆಗೆ ಕೂಲಿಗಾಗಿ ಅಂಗಳದಲ್ಲಿ ನಿಲ್ಲುತ್ತಿದ್ದವನು ಅಂದು ಬೆಳೆಯ ಮಾತನ್ನಾಡಲು ಜಗುಲಿಯ ಮೇಲೆ ಕುಳಿತುಕೊಳ್ಳುವನು.