ದಲಾಲಿ ತಗೋಳ್ರಿ, ಆದ್ರೆ ಹೇಳಿ ತಗೋಳ್ರಿ



ಬೈಲಹೊಂಗಲ ತಾಲೂಕಿನ ಸಂಗೊಳ್ಳಿ, ರಾಯಣ್ಣ ಹುಟ್ಟಿದ ಊರು. ಕಂಪನಿ ಸರ್ಕಾರದ ಬಂದೂಕಿಗೆ ಸಿಗದ ರಾಯಣ್ಣ ಸಿಕ್ಕಿಬಿದ್ದದ್ದು ಹೇಗೆ? ಈ ಊರಿನ ಶಾಲೆ ಮಕ್ಕಳನ್ನ ಕೇಳಿ, ಥಟ್ಟನೆ ಹೇಳ್ತಾರೆ. ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅಷ್ಟು ದೊಡ್ಡ ವೀರನಿಗೂ ಒಂದು ಸಂಗತಿ ಗೊತ್ತಾಗಲಿಲ್ಲ: ಪಕ್ಕದಲ್ಲಿ ನಿಂತವನು ಯಾರ ಪರವಾಗಿ ನಿಂತಿದ್ದಾನೆ ಅನ್ನೋದು.

ಇವತ್ತಿನ ವಿಷಯ ಮೊಬೈಲ್‌ನಲ್ಲಿ ವಸ್ತು ಶಿಫಾರಸು ಮಾಡುವವರದ್ದು. ಅವರನ್ನ ದ್ರೋಹಿಗಳು ಅಂತ ನಾನು ಕರೀತಿಲ್ಲ. ಅದು ಅನ್ಯಾಯ ಆಗುತ್ತೆ. ಆದರೆ ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ನಿಮಗೆ ಸಲಹೆ ಕೊಡ್ತಿರೋನು ಯಾರ ಪರ?

"ಲಿಂಕ್ ಕೆಳಗೆ ಕೊಟ್ಟಿದ್ದೀನಿ, ತಗೊಳ್ಳಿ" ಅಂತಾರಲ್ಲ, ಆ ಲಿಂಕ್ ಹೇಗೆ ಕೆಲಸ ಮಾಡುತ್ತೆ ನೋಡೋಣ. ನಾನೂ ಎಂಜಿನಿಯರಿಂಗ್ ಓದಿದವನೇ, ಸರಳವಾಗಿ ಹೇಳ್ತೀನಿ. ಆ ಲಿಂಕ್‌ನೊಳಗೆ ಒಂದು ಗುರುತು ಇರುತ್ತೆ. ಅದು ವಿಡಿಯೋ ಮಾಡಿದವನ ಗುರುತು. ನೀವು ಒತ್ತಿದ ಕೂಡಲೇ ಅಂಗಡಿಯ ಕಂಪ್ಯೂಟರ್‌ಗೆ ನಿಮ್ಮನ್ನ ಕಳಿಸಿದ್ದು ಯಾರು ಅಂತ ಗೊತ್ತಾಗುತ್ತೆ. ನೀವು ಕೊಂಡರೆ ಅವನಿಗೆ ಕಮಿಷನ್. ಅಮೆಜಾನ್ ಈ ಪದ್ಧತಿ ಶುರು ಮಾಡಿದ್ದು 1996ರಲ್ಲಿ. ಅಲ್ಲಿ ಸಾಮಾನ್ಯವಾಗಿ 24 ಗಂಟೆಯ ಲೆಕ್ಕ. ಮಿಕ್ಸರ್ ನೋಡೋಕೆ ಹೋದವರು ಚಪ್ಪಲಿ ಕೊಂಡರೂ ಕಮಿಷನ್ ಕಳಿಸಿದವನಿಗೇ ಹೋಗಬಹುದು. ನಿಮಗೆ ಬೆಲೆ ಹೆಚ್ಚಾಗಲ್ಲ. ತನ್ನ ಲಿಂಕ್ ಹಾಕುವವರು "ಇದರಿಂದ ನನಗೆ ಆದಾಯ ಇದೆ" ಅಂತ ಹೇಳಲೇಬೇಕು ಅನ್ನೋದು ಆ ಕಂಪನಿಯದ್ದೇ ಷರತ್ತು.

ಹಾಗಾದರೆ ತಪ್ಪೇನು? ಕಮಿಷನ್ ತಪ್ಪಲ್ಲ. ನಮ್ಮ ಉತ್ತರ ಕರ್ನಾಟಕದ ದನದ ಸಂತೆ ನೆನಪು ಮಾಡಿಕೊಳ್ಳಿ. ಟವೆಲ್ ಅಡಿಯಲ್ಲಿ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ ಕುದುರಿಸ್ತಾರೆ. ಬೆಲೆ ಟವೆಲ್ ಅಡಿಯಲ್ಲಿ ಇರುತ್ತೆ. ಆದರೆ ದಲಾಲ ಯಾರು ಅನ್ನೋದು ಟವೆಲ್ ಅಡಿಯಲ್ಲಿ ಇರಲ್ಲ! ಇಡೀ ಸಂತೆಗೇ ಗೊತ್ತು. ಹಂಗಾಗಿ ಅವನು "ಎತ್ತು ಭಾಳ ಚಲೋ ಐತ್ರಿ" ಅಂದಾಗ ರೈತ ಆ ಮಾತನ್ನ ಅರ್ಧಕ್ಕೆ ಇಳಿಸಿ ಕೇಳ್ತಾನೆ. ಹಲ್ಲು ನೋಡ್ತಾನೆ, ಗೊರಸು ನೋಡ್ತಾನೆ, ನಡೆಸಿ ನೋಡ್ತಾನೆ. ಅದೇ ಮಾತನ್ನ ಬೀಗರು ಹೇಳಿದ್ರೆ? ಅಷ್ಟು ಪರೀಕ್ಷೆ ಮಾಡಲ್ಲ, ನಂಬ್ತಾನೆ.

ಮೊಬೈಲ್‌ನಲ್ಲಿ ಆಗ್ತಿರೋದು ಇದೇ. ದಲಾಲ ಬೀಗನ ವೇಷದಲ್ಲಿ ಬರ್ತಾನೆ. "ಅಣ್ಣಾ, ಅಕ್ಕಾ, ನಾನೇ ಬಳಸಿ ನೋಡೀನಿ" ಅಂತಾನೆ.

ಒಬ್ಬ ರೈತ ಅಂದ್ಕೊಳ್ಳಿ. ಎರಡು ಎಕರೆ ಸೋಯಾಬೀನ್. ಎಲೆ ಹಳದಿ ಆಗಿದೆ. ಮೊಬೈಲ್‌ನಲ್ಲಿ ಒಬ್ಬರು ಒಂದು ಬಾಟಲಿ ತೋರಿಸಿ, ಇದನ್ನ ಸಿಂಪಡಿಸಿ, ವಾರದಲ್ಲಿ ಹಸಿರಾಗುತ್ತೆ ಅಂತಾರೆ. ವಿಡಿಯೋ ಮಾಡಿದವರಿಗೆ ಸಿಗೋದು ಬಾಟಲಿಗೆ ಒಂದಿಷ್ಟು ರೂಪಾಯಿ. ಔಷಧಿ ಹತ್ತಲಿಲ್ಲ ಅಂದ್ರೆ ರೈತನಿಗೆ ಹೋಗೋದು ಬರೀ ಬಾಟಲಿ ದುಡ್ಡಲ್ಲ, ಆ ಒಂದು ವಾರ. ಹೊಲದಲ್ಲಿ ಹೋದ ವಾರ ತಿರುಗಿ ಬರಲ್ಲ. "ಇದು ಜಾಹೀರಾತು" ಅಂತ ಒಂದು ಮಾತು ಹೇಳಿದ್ರೆ ಅವನು ಕೃಷಿ ಅಧಿಕಾರಿಯನ್ನ ಕೇಳಿ ಬರ್ತಿದ್ದ, ಅಲ್ವಾ?

ಕಾನೂನು ಇಲ್ವಾ? ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು. ಪ್ರಭಾವಿಗಳು, ಸೆಲೆಬ್ರಿಟಿಗಳು ಏನು ಮಾಡಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಬಿಡಿಸಿ ಹೇಳಿದೆ. ದುಡ್ಡು ತಗೊಂಡ್ರೆ ಹೇಳಬೇಕು. ದುಡ್ಡಷ್ಟೇ ಅಲ್ಲ, ಪುಕ್ಕಟೆ ವಸ್ತು, ಪ್ರವಾಸ, ಹೋಟೆಲ್ ವಾಸ, ಉಡುಗೊರೆ ಪಡೆದರೂ ಹೇಳಬೇಕು. ವಿಡಿಯೋ ಆದ್ರೆ ಪರದೆ ಮೇಲೂ ಬರಬೇಕು, ಬಾಯಲ್ಲೂ ಹೇಳಬೇಕು. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡುವ ಹಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಾದರೆ 10 ಲಕ್ಷದವರೆಗೆ ದಂಡ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಇನ್ನೊಂದು ಮಾತಿದೆ, ಅದನ್ನ ಗಟ್ಟಿಯಾಗಿ ಹೇಳ್ತೀನಿ. ಶಿಫಾರಸು ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿ ಇರಬೇಕು. ಹತ್ತು ನಿಮಿಷ ಅಚ್ಚ ಕನ್ನಡದಲ್ಲಿ ಹೊಗಳಿ, ಮೂಲೆಯಲ್ಲಿ ಇರುವೆ ಗಾತ್ರದ ಎರಡು ಇಂಗ್ಲಿಷ್ ಅಕ್ಷರ ಹಾಕಿದ್ರೆ ಅದು ಹೇಳಿದ್ದಲ್ಲ, ಮುಚ್ಚಿಟ್ಟದ್ದು. ಮಾರೋಕೆ ಕನ್ನಡ ಬೇಕು, ನಿಜ ಹೇಳೋಕೆ ಬೇಡ. ಇದ್ಯಾವ ನ್ಯಾಯ ಸ್ವಾಮಿ?

"ಟಿವಿಯವರು ಸಾಚಾನಾ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಜಾಹೀರಾತು ಮತ್ತು ಕಾರ್ಯಕ್ರಮ ಬೇರೆ ಬೇರೆ ಅಂತ ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು ಅನ್ನೋದು 1994ರ ಕೇಬಲ್ ಟಿವಿ ನಿಯಮ. ಪ್ರಾಯೋಜಿತ ಕಾರ್ಯಕ್ರಮಕ್ಕೆ "ಪ್ರಾಯೋಜಿತ" ಅಂತ ಹಾಕದ ಚಾನೆಲ್‌ಗೆ, ಅದು ಯಾವುದೇ ಇರಲಿ, ಯೂಟ್ಯೂಬ್ ಹುಡುಗನಿಗೆ ಬುದ್ಧಿ ಹೇಳುವ ಹಕ್ಕಿಲ್ಲ.

ಸವದತ್ತಿಯಲ್ಲೋ ರಾಮದುರ್ಗದಲ್ಲೋ ಕೂತು ವಿಡಿಯೋ ಮಾಡೋ ತಮ್ಮಂದಿರೇ, ತಂಗಿಯರೇ, ನೀವು ದುಡಿಯೋದು ನೋಡಿದ್ರೆ ನನಗೆ ಖುಷಿ. ಶುರುವಿನಲ್ಲೇ ಒಂದು ಸಾಲು ಹೇಳಿ: "ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತೆ." ಐದು ಸೆಕೆಂಡು ಸಾಕು. ಕೆಲವರು ಲಿಂಕ್ ಒತ್ತದೇ ಹೋಗಬಹುದು. ಉಳಿದವರು ನಿಮ್ಮನ್ನ ನಂಬಿ ಉಳೀತಾರೆ.

ವೀಕ್ಷಕರೇ, ನೀವು ಕೂಡ ಕೇಳಿ. ಇವನಿಗೆ ಇದರಲ್ಲಿ ಏನು ಸಿಗುತ್ತೆ? ಬಳಸಿ ನೋಡಿದ್ದಾನಾ? ಒಂದಾದರೂ ಕೊರತೆ ಹೇಳಿದ್ದಾನಾ? ಮೋಸ ಹೋದಿರಿ ಅನ್ನಿಸಿದ್ರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಈ ನಂಬರ್ ಬರೆದಿಟ್ಟುಕೊಳ್ಳಿ.